ಹಿತ್ತೀನ್‌ನ ಕಾಲಾಳುಗಳು

ಹಿತ್ತೀನ್ ಎಂದೊಡನೆ ನಮ್ಮ ಮನೆಗಳ ಮಕ್ಕಳ ಕಣ್ಣೆದುರು ಮೂಡುವುದು ಕುದುರೆಯೇ. ಕುದುರೆಯ ಮೇಲೆ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ(ರ), ಅವರ ಸುತ್ತ ಬಿಲ್ಲು ಹಿಡಿದ ಸವಾರರು, ಮುಗಿಲೆತ್ತರದ ಧೂಳು. ಈ ಚಿತ್ರ ಸುಳ್ಳಲ್ಲ. ಅವರ ಸುಮಾರು 30,000 ಮಂದಿಯ ಸೇನೆಯಲ್ಲಿ 12,000ದಷ್ಟು ನುರಿತ ಅಶ್ವಾರೋಹಿಗಳಿದ್ದರೆಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಆದರೆ ಉಳಿದವರು ಏನು ಮಾಡುತ್ತಿದ್ದರು ಎಂದು ನಾವು ಕೇಳುವುದೇ ಇಲ್ಲ.

ಕ್ರಿ.ಶ. 1187ರ ಜುಲೈ ಆರಂಭದಲ್ಲಿ ಕ್ರೂಸೇಡರ್ ಸೇನೆ ಸಫ್ಫೂರಿಯಾದ ಚಿಲುಮೆಗಳ ಬಳಿ ಬೀಡುಬಿಟ್ಟಿತ್ತು. ನೀರಿರುವಲ್ಲಿ ಅದನ್ನು ಸೋಲಿಸುವುದು ದುಸ್ತರ. ಅಲ್ಲಿಂದ ಅದನ್ನು ಕದಲಿಸಬೇಕಿತ್ತು. ಸುಲ್ತಾನರು ಮುಖ್ಯ ಸೇನೆಯನ್ನು ಕಫ್ರ್ ಸಬ್ತ್‌ನಲ್ಲಿರಿಸಿ, ಜುಲೈ 2ರಂದು ಒಂದು ತುಕಡಿಯೊಂದಿಗೆ ತಬರಿಯಾ ಪಟ್ಟಣವನ್ನು ಮುತ್ತಿದರು. ಕೋಟೆಗೋಡೆಯ ಮುಂದೆ ಕುದುರೆಗೇನು ಕೆಲಸ? ಸುರಂಗ ತೋಡುವವರು ಒಂದು ಬುರುಜಿನ ಬುಡವನ್ನು ಅಗೆದು ಉರುಳಿಸಿದರು, ಪಟ್ಟಣ ವಶವಾಯಿತು. ಒಡತಿ ಎಶೀವಾ ಒಳಕೋಟೆಯಲ್ಲಿ ಸಿಲುಕಿಕೊಂಡಳು. ಆಕೆಯ ಪತಿ ರೇಮಂಡನೇ, ಪಟ್ಟಣ ಹೋದರೆ ಹೋಗಲಿ, ನೀರಿಲ್ಲದ ಹಾದಿಯಲ್ಲಿ ಸೇನೆಯನ್ನು ನಡೆಸಬಾರದೆಂದು ಸಲಹೆಯಿತ್ತನು. ರಾಜ ಗೀ ಮೊದಲು ಒಪ್ಪಿ, ರಾತ್ರಿ ಮನಸ್ಸು ಬದಲಿಸಿದನು. ಶತ್ರುವನ್ನು ನೀರಿನಿಂದ ಎಬ್ಬಿಸಿದ್ದು ಗುದ್ದಲಿ.

ಮರುದಿನದ ಕೀರ್ತಿ ಸವಾರರದ್ದೇ. ಇಕ್ಕೆಲಗಳಿಂದಲೂ ಬಾಣ ಸುರಿಸಿ, ಹಿಂದಿನ ಚಿಲುಮೆಯ ದಾರಿಯನ್ನು ಮುಚ್ಚಿ, ಕ್ರೂಸೇಡರರು ಮಸ್ಕನದಲ್ಲಿ ಬಾಯಾರಿಕೆಯಲ್ಲೇ ಇರುಳು ಕಳೆಯುವಂತೆ ಮಾಡಿದರು. ಇತ್ತ ಸುಲ್ತಾನರ ಪಾಳಯಕ್ಕೆ ತಬರಿಯಾ ಸರೋವರದಿಂದ ಒಂಟೆಗಳ ಮೇಲೆ ನೀರು ಬರುತ್ತಿತ್ತು. 400 ಹೊರೆ ಬಾಣಗಳನ್ನು ಹಂಚಲಾಯಿತು, ಯುದ್ಧದ ನಡುವೆ ಬತ್ತಳಿಕೆ ತುಂಬಲು 70 ಒಂಟೆಗಳನ್ನು ಸಿದ್ಧವಿರಿಸಲಾಯಿತು ಎಂದು ಸುಲ್ತಾನರ ಕಾರ್ಯದರ್ಶಿ ಇಮಾದುದ್ದೀನ್ ದಾಖಲಿಸಿದ್ದಾರೆ. ಬತ್ತಳಿಕೆ ಬರಿದಾದ ಬಿಲ್ಲುಗಾರ ಎಷ್ಟೇ ವೇಗವಾಗಿ ಓಡಿದರೂ ಪ್ರಯೋಜನವೇನು?

ಜುಲೈ 4, ಶನಿವಾರ. ಹಿಜ್ರಿ 583ರ ರಬೀಉಲ್ ಆಖಿರ್. ಒಣಹುಲ್ಲಿಗೆ ಬೆಂಕಿಯಿಟ್ಟದ್ದು ಮುತವ್ವಿಅಗಳಲ್ಲೊಬ್ಬನೆಂದು ಇಬ್ನುಲ್ ಅಸೀರ್ ಬರೆಯುತ್ತಾರೆ. ಅಂದರೆ ಜಿಹಾದಿನ ಪುಣ್ಯವನ್ನು ಬಯಸಿ ತಾವಾಗಿಯೇ ಬಂದ ಸ್ವಯಂಸೇವಕರಲ್ಲೊಬ್ಬ. ಗಾಳಿ ಶತ್ರುವಿನ ಕಡೆಗೇ ಬೀಸಿ, ಬಾಯಾರಿದವರ ಮುಖಕ್ಕೆ ಹೊಗೆ ಬಡಿಯಿತು.

ಕ್ರೂಸೇಡರ್ ನೈಟ್‌ಗಳ ಬಲ ಅವರ ಕಬ್ಬಿಣದ ಕವಚವೊಂದರಲ್ಲೇ ಇರಲಿಲ್ಲ. ಅವರ ಕುದುರೆಗಳ ಸುತ್ತ ಈಟಿ ಮತ್ತು ಅಡ್ಡಬಿಲ್ಲು ಹಿಡಿದ ಕಾಲಾಳುಗಳು ಗೋಡೆಯಂತೆ ನಿಲ್ಲುತ್ತಿದ್ದರು. ದಾಳಿಯ ಗಳಿಗೆ ಬಂದಾಗ ಆ ಗೋಡೆ ಬಾಗಿಲಾಗಿ ತೆರೆಯುತ್ತಿತ್ತು. ಅಂದು ಆ ಗೋಡೆಯೇ ಕುಸಿಯಿತು. ನೀರಡಿಕೆಯಿಂದ ಕಂಗೆಟ್ಟ ಪದಾತಿಗಳು ಸಾಲು ಮುರಿದು ಹಿತ್ತೀನ್‌ನ ಕೋಡುಗುಡ್ಡವನ್ನೇರಿದರು. ಇಳಿದು ಬನ್ನಿರೆಂದು ರಾಜನೂ ಧರ್ಮಗುರುಗಳೂ ಅಂಗಲಾಚಿದರೂ ಅವರು ಕದಲಲಿಲ್ಲ. ಕೆಳಗುಳಿದ ನೈಟ್‌ಗಳ ಕುದುರೆಗಳು ಬಾಣಕ್ಕೆ ಸಿಕ್ಕಿ ಒಂದೊಂದಾಗಿ ಬಿದ್ದವು. ನೈಟ್‌ಗಳು ಮತ್ತೆ ಮತ್ತೆ ಮೇಲೆರಗಿದಾಗ ಸುಲ್ತಾನರ ಎಳೆಯ ಮಗ ಅಲ್ ಅಫ್ದಲ್ ಗೆದ್ದೆವೆಂದು ಕೂಗಿದನಂತೆ. ಅಗೋ ಆ ರಾಜಡೇರೆ ಉರುಳುವ ತನಕ ಗೆಲುವಿಲ್ಲವೆಂದು ತಂದೆ ಸುಮ್ಮನಾಗಿಸಿದರು. ಅಷ್ಟರಲ್ಲೇ ಡೇರೆ ಉರುಳಿತು.

ಕಾಲಾಳುಗಳನ್ನು ಹೊಗಳುವಾಗ ಒಂದನ್ನು ಮರೆಮಾಚುವುದು ನ್ಯಾಯವಲ್ಲ. ಎರಡು ದಿನಗಳ ಬಳಿಕ ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್‌ಗಳ ವಧೆಗೆ ಸುಲ್ತಾನರು ಆಜ್ಞಾಪಿಸಿದಾಗ, ಕತ್ತಿ ಎತ್ತಿದವರಲ್ಲಿ ಇಂಥ ಸ್ವಯಂಸೇವಕರೂ ಉಲಮಾಗಳೂ ಸೂಫಿಗಳೂ ಇದ್ದರು. ಇಮಾದುದ್ದೀನ್ ಅದನ್ನು ಸಂಭ್ರಮದಿಂದ ಬಣ್ಣಿಸಿದ್ದಾರೆ. ನಾವು ಆ ಸಂಭ್ರಮದಲ್ಲಿ ಪಾಲುಗೊಳ್ಳಲಾರೆವು.

ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಸೇನೆ ಬೈತುಲ್ ಮುಖದ್ದಸ್‌ನ ಉತ್ತರದ ಗೋಡೆಯ ಮುಂದೆ ನಿಂತಿತು. ಅಲ್ಲಿಯೂ ಬಿಲ್ಲುಗಾರರ ಆಸರೆಯಲ್ಲಿ ಗುದ್ದಲಿ ಹಿಡಿದವರು ಗೋಡೆಯ ಬುಡಕ್ಕೆ ನುಸುಳಿ ಅದನ್ನು ಒಡೆದರು. ರಜಬ್ 27ರ ಶುಕ್ರವಾರ, ಅಕ್ಟೋಬರ್ 2ರಂದು, ನಗರವು ಒಪ್ಪಂದದ ಮೂಲಕ ಬಾಗಿಲು ತೆರೆಯಿತು.