ವಸತಿ ಸಮುಚ್ಚಯಗಳ ನೆಲಮಾಳಿಗೆಯ ಮೆಟ್ಟಿಲುಗಳು: ಅಗ್ನಿ ಸುರಕ್ಷತಾ ನಿಯಮಗಳು

ನೆಲಮಾಳಿಗೆಯಲ್ಲಿ ವಾಹನಗಳು, ಜನರೇಟರ್ ಹಾಗೂ ವಿದ್ಯುತ್ ಫಲಕಗಳು ಇರುವುದರಿಂದ, ಅಲ್ಲಿ ಬೆಂಕಿ ಹೊತ್ತಿಕೊಂಡಲ್ಲಿ ದಟ್ಟವಾದ ಹೊಗೆ ಉಂಟಾಗುತ್ತದೆ. ಮೆಟ್ಟಿಲು ತೆರೆದಿದ್ದಲ್ಲಿ ಅದೇ ಹೊಗೆಗೊಳವೆಯಂತಾಗಿ, ಮೇಲಿನ ಮಹಡಿಗಳ ನಿವಾಸಿಗಳು ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಇದನ್ನು ತಡೆಯಲು ರಾಷ್ಟ್ರೀಯ ಕಟ್ಟಡ ಸಂಹಿತೆ, 2016ರ ಭಾಗ 4ರಲ್ಲಿ ನಿಯಮಗಳನ್ನು ನಿಗದಿಪಡಿಸಲಾಗಿದೆ.

ಮುಖ್ಯ ನಿಯಮಗಳು:

1. ನೆಲಮಾಳಿಗೆಯ ಮೆಟ್ಟಿಲು ಗೋಡೆಗಳಿಂದ ಆವೃತವಾಗಿದ್ದು, ಕನಿಷ್ಠ 2 ಗಂಟೆಗಳ ಕಾಲ ಬೆಂಕಿಯನ್ನು ತಡೆಯುವಂತಿರತಕ್ಕದ್ದು.
2. ಮೆಟ್ಟಿಲು ನೆಲಮಾಳಿಗೆಯ ಅಂಚಿನಲ್ಲಿದ್ದು, ನೆಲ ಅಂತಸ್ತಿನಲ್ಲಿ ಬಯಲಿನಿಂದ ಮಾತ್ರ ಅದಕ್ಕೆ ಪ್ರವೇಶವಿರತಕ್ಕದ್ದು.
3. ಮೆಟ್ಟಿಲು ಮತ್ತು ನೆಲಮಾಳಿಗೆಯ ನಡುವೆ ಲಾಬಿ ಇದ್ದು, ಅದಕ್ಕೆ ತಾನಾಗಿಯೇ ಮುಚ್ಚಿಕೊಳ್ಳುವ ಅಗ್ನಿನಿರೋಧಕ ಬಾಗಿಲು ಅಳವಡಿಸತಕ್ಕದ್ದು.
4. ಮೇಲಿನ ಮಹಡಿಗಳ ಮೆಟ್ಟಿಲು ನೆಲಮಾಳಿಗೆಯವರೆಗೂ ಮುಂದುವರಿದಿದ್ದಲ್ಲಿ, ನೆಲ ಅಂತಸ್ತಿನಲ್ಲಿ ಗಾಳಿಯಾಡುವ ಲಾಬಿಯಿಂದ ಅದನ್ನು ಪ್ರತ್ಯೇಕಿಸತಕ್ಕದ್ದು.

ಅರ್ಜಿದಾರರ ಗಮನಕ್ಕೆ:

ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಸಲ್ಲಿಸುವಾಗ ನಕ್ಷೆಯಲ್ಲಿ ನೆಲಮಾಳಿಗೆಯ ಮೆಟ್ಟಿಲು, ಲಾಬಿ ಹಾಗೂ ಬಾಗಿಲುಗಳನ್ನು ಸ್ಪಷ್ಟವಾಗಿ ಗುರುತಿಸುವುದು. ಕಟ್ಟಡ ಪೂರ್ಣಗೊಂಡ ನಂತರ ಇವೆಲ್ಲವನ್ನೂ ಬದಲಿಸುವುದು ಕಷ್ಟಸಾಧ್ಯವಾದುದರಿಂದ, ನಕ್ಷೆಯ ಹಂತದಲ್ಲಿಯೇ ಪರಿಶೀಲಿಸಿಕೊಳ್ಳುವುದು ಸೂಕ್ತ.

ನಿವಾಸಿಗಳ ಸಂಘಗಳ ಗಮನಕ್ಕೆ:

ಅಗ್ನಿನಿರೋಧಕ ಬಾಗಿಲಿಗೆ ಕಲ್ಲು ಅಥವಾ ಬೆಣೆ ಕೊಟ್ಟು ತೆರೆದಿಡಬಾರದು. ತೆರೆದ ಬಾಗಿಲು ಹೊಗೆಯನ್ನು ತಡೆಯಲಾರದು. ಬಾಗಿಲಿಗೆ ಬೀಗ ಹಾಕಬಾರದು. ಮೆಟ್ಟಿಲ ಕೆಳಗೆ ಹಳೆಯ ಪೀಠೋಪಕರಣ, ಗ್ಯಾಸ್ ಸಿಲಿಂಡರ್, ದ್ವಿಚಕ್ರ ವಾಹನಗಳನ್ನು ಇಡಬಾರದು. ಬೆಂಕಿಯ ಸಂದರ್ಭದಲ್ಲಿ ಲಿಫ್ಟ್ ಬಳಸದೆ ಮೆಟ್ಟಿಲುಗಳ ಮೂಲಕ ಹೊರಬಂದು, ದೂರವಾಣಿ ಸಂಖ್ಯೆ 101 ಅಥವಾ 112ಕ್ಕೆ ಕರೆ ಮಾಡುವುದು.