ಚಿರತೆಯ ವೇಗ ಯಾರದು?

ಬೌಂಡರಿ ಗೆರೆಯಲ್ಲಿ ಚೆಂಡು ತಡೆದವನು ನಮ್ಮ ಕ್ರೀಡಾ ವರದಿಗಳಲ್ಲಿ ‘ಚಿರತೆ ವೇಗ’ದಲ್ಲೇ ಓಡಿರುತ್ತಾನೆ. ಈ ಹೊಗಳಿಕೆಯ ಹಕ್ಕುದಾರ ಬೇರೆಯೇ ಇದ್ದಾನೆ. ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ ಓಡಬಲ್ಲದ್ದು ಚೀತಾ. ಚಿರತೆ ಹೆಚ್ಚೆಂದರೆ 60ರ ಹತ್ತಿರ, ಅದೂ ನಾಲ್ಕು ನೆಗೆತದಷ್ಟು ದೂರ.

ಹೆಸರಿನ ಸದ್ದು ಒಂದೇ ತರಹ ಇರುವುದರಿಂದ ಈ ಎಡವಟ್ಟು. ಚೀತಾ ಎಂಬುದು ಸಂಸ್ಕೃತದ ‘ಚಿತ್ರ’ದಿಂದ ಹಿಂದಿಯ ದಾರಿಯಾಗಿ ಬಂದದ್ದು, ಮೈಮೇಲಿನ ಚುಕ್ಕೆಗಾಗಿ. ಚಿರತೆಯ ನೆಂಟಸ್ತಿಕೆ ತಮಿಳಿನ ಸಿರುತ್ತೈ, ತೆಲುಗಿನ ಚಿರುತದ ಜೊತೆ. ಸಿರು ಎಂದರೆ ಚಿಕ್ಕದು. ಹಳ್ಳಿಗಳಲ್ಲಿ ಕೇಳುವ ‘ಕಿರುಬ’ದಲ್ಲೂ ಅದೇ ‘ಕಿರು’ ಕೂತಂತಿದೆ. ದೊಡ್ಡದು ಹೆಬ್ಬುಲಿ, ಅದರ ಮುಂದೆ ಇದು ಚಿಕ್ಕದು. ಹಿರಿಯರು ಪ್ರಾಣಿಯನ್ನು ಓಟದಿಂದ ಅಳೆಯಲಿಲ್ಲ.

ಓಟ ಅದರ ಕಸುಬೂ ಅಲ್ಲ. ಅಡಗುವುದು ಅದರ ವಿದ್ಯೆ. ಮೈಮೇಲಿನ ಗುಲಾಬಿಯಂಥ ಕಪ್ಪು ಉಂಗುರಗಳು ಎಲೆಯ ನೆರಳಿನಲ್ಲಿ ಕರಗಿಹೋಗುತ್ತವೆ. ಮೊಣಕಾಲೆತ್ತರದ ಪೊದೆ ಸಾಕು, ಐವತ್ತು ಅರವತ್ತು ಕೆ.ಜಿ.ಯ ಗಂಡು ಮಾಯ. ತನ್ನಷ್ಟೇ ತೂಕದ ಬೇಟೆಯನ್ನು ಕಚ್ಚಿಕೊಂಡು ಮರ ಹತ್ತುತ್ತದೆ. ಹುಲಿಯಂತೆ ಗರ್ಜಿಸಿ ಊರು ನಡುಗಿಸುವುದು ಅಪರೂಪ. ಕೂಗಿದರೆ ಗರಗಸದಲ್ಲಿ ಹಲಗೆ ಕೊಯ್ದ ಸದ್ದು. ಜಿಂಕೆ ಸಿಗದಿದ್ದರೆ ಮೊಲ, ಅದೂ ಇಲ್ಲದಿದ್ದರೆ ನಾಯಿ. ಮಂಡ್ಯ, ಮೈಸೂರು ಸೀಮೆಯ ಕಬ್ಬಿನ ಗದ್ದೆಯಲ್ಲೇ ಮರಿ ಹಾಕಿ, ಕಟಾವಿನವರ ಕಣ್ಣಿಗೆ ಬೀಳುವವರೆಗೂ ಗುಟ್ಟು ಬಿಟ್ಟುಕೊಡುವುದಿಲ್ಲ. ನನ್ನನ್ನು ಕೇಳಿದರೆ, ಉಸಿರು ಬಿಗಿಹಿಡಿದು ಸ್ಲಿಪ್‌ನಲ್ಲಿ ಬಾಗಿ ನಿಂತವನಿಗೆ ಈ ಹೋಲಿಕೆ ಸಲ್ಲಬೇಕು.

ಪತ್ರಿಕೆಗಳಲ್ಲಿ ಚಿರತೆಗೆ ಅಂಟಿಕೊಂಡ ಇನ್ನೊಂದು ಪದ ‘ಪ್ರತ್ಯಕ್ಷ’. ದೇವರಿಗೆ, ಸಾಲ ವಸೂಲಿಗೆ ಬಂದವರಿಗೆ ಮೀಸಲಾದ ಮಾತು. ‘ಊರಂಚಿನಲ್ಲಿ ಚಿರತೆ ಪ್ರತ್ಯಕ್ಷ’ ಎಂದು ಓದಿದಾಗೆಲ್ಲ ನಗು ಬರುತ್ತದೆ. ಅದು ಅಲ್ಲೇ ಇತ್ತು, ನಮ್ಮ ಸಿ.ಸಿ. ಕ್ಯಾಮೆರಾ ಈಗ ಬಂತು. ಊರಿನವರು ಮಾತ್ರ ಇವತ್ತಿಗೂ ‘ಹುಲಿ ಬಂದಿತ್ತು’ ಎಂದೇ ಹೇಳಿ ಕೊಟ್ಟಿಗೆ ಬಾಗಿಲು ಭದ್ರ ಮಾಡುತ್ತಾರೆ. ಅರಣ್ಯ ಇಲಾಖೆಯವರು ಬೋನು ತಂದಮೇಲೆ ಅದಕ್ಕೆ ಚಿರತೆ ಎಂಬ ಹೆಸರು.

ಗೊಂದಲ ಗಟ್ಟಿಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಸಾರಿದ್ದ ಚೀತಾ, ನಮೀಬಿಯಾದಿಂದ ಮಧ್ಯಪ್ರದೇಶದ ಕುನೊಗೆ ವಿಮಾನದಲ್ಲಿ ಬಂತು. ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ, ಉಂಗುರವಿಲ್ಲದ ಒಂಟಿ ಚುಕ್ಕೆ, ತೆಳು ಸೊಂಟ. ಎಲ್ಲಿ ನೋಡಿದರೂ ಚಿರತೆಯಲ್ಲ. ಆದರೂ ಅದನ್ನು ‘ಚಿರತೆ’ ಎಂದವರಿಗೆ ಕೊರತೆಯಿರಲಿಲ್ಲ. ಅದಕ್ಕೆ ಸಿವಂಗಿ ಎಂಬ ಹಳೆಯ ಹೆಸರು ಕನ್ನಡದಲ್ಲಿದೆ. ಏನು ಮಾಡುವುದು, ಶೀರ್ಷಿಕೆಯ ಅಳತೆಗೆ ಚೀತಾ ಎರಡೇ ಅಕ್ಷರ. ಸಿವಂಗಿಗೆ ಒಂದು ಹೆಚ್ಚು.