ಕರಾವಳಿ ಕೈತೋಟದ ಪೊದೆ ಗುಲಾಬಿ

ಪೊದೆ ಗುಲಾಬಿ ಎಂಬುದು ರೋಸೇಸಿ ಕುಟುಂಬದ ರೋಸಾ ಕುಲಕ್ಕೆ ಸೇರಿದ, ಬುಡದಿಂದಲೇ ಹಲವು ಕವಲೊಡೆದು ಪೊದೆಯಾಗಿ ಹರಡುವ ಗುಲಾಬಿಗಳಿಗಿರುವ ಸಾಮಾನ್ಯ ಹೆಸರು. ಇದು ಒಂದು ಪ್ರಭೇದವಲ್ಲ, ತೋಟಗಾರಿಕೆಯಲ್ಲಿ ಬಳಕೆಯಲ್ಲಿರುವ ಒಂದು ಗುಂಪು. ಹೂವಿನ ಗಾತ್ರಕ್ಕಿಂತ ಗಿಡದ ಗಟ್ಟಿತನ, ಗೊಂಚಲು ಹೂಬಿಡುವಿಕೆ ಮತ್ತು ಕಡಿಮೆ ಆರೈಕೆಯಲ್ಲಿ ಬಾಳುವ ಗುಣ ಇವುಗಳ ವೈಶಿಷ್ಟ್ಯ. ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ದಾಸವಾಳ, ಮಲ್ಲಿಗೆ, ಕನಕಾಂಬರಗಳೊಂದಿಗೆ ಗುಲಾಬಿಯನ್ನೂ ಮನೆಯ ಅಂಗಳ ಹಾಗೂ ಹಿತ್ತಲಲ್ಲಿ ಬೆಳೆಸಲಾಗುತ್ತದೆ. ಆದರೆ ದಾಸವಾಳದಂತೆ ಗುಲಾಬಿಯು ಇಲ್ಲಿನ ಮಳೆಗಾಲವನ್ನು ಸುಲಭವಾಗಿ ತಾಳುವುದಿಲ್ಲ. ಆದ್ದರಿಂದ ತಳಿ ಮತ್ತು ಸ್ಥಳದ ಆಯ್ಕೆ ಮುಖ್ಯವಾಗುತ್ತದೆ.

ಹಿನ್ನೆಲೆ

1867ರಲ್ಲಿ ಫ್ರಾನ್ಸಿನಲ್ಲಿ ಪರಿಚಯಿಸಲಾದ ‘ಲಾ ಫ್ರಾನ್ಸ್’ ತಳಿಯನ್ನು ಮೊದಲ ಹೈಬ್ರಿಡ್ ಟೀ ಗುಲಾಬಿ ಎಂದು ಪರಿಗಣಿಸಲಾಗುತ್ತದೆ. ಅದಕ್ಕೂ ಹಿಂದಿನ ವರ್ಗಗಳನ್ನು ಹಳೆಯ ಗುಲಾಬಿಗಳೆಂದೂ ನಂತರದವುಗಳನ್ನು ಆಧುನಿಕ ಗುಲಾಬಿಗಳೆಂದೂ ಕರೆಯುವುದು ರೂಢಿ. ಉದ್ದನೆಯ ತೊಟ್ಟಿನ ಮೇಲೆ ಒಂದೊಂದೇ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ತಳಿಗಳು ಜನಪ್ರಿಯವಾದರೂ, ಅವುಗಳಲ್ಲಿ ಹಲವು ಎಲೆರೋಗಗಳಿಗೆ ಬೇಗ ತುತ್ತಾಗುತ್ತವೆ. ಇದಕ್ಕೆ ಪ್ರತಿಯಾಗಿ ರೋಗನಿರೋಧಕ ಪೊದೆ ಗುಲಾಬಿಗಳ ಅಭಿವೃದ್ಧಿ ನಡೆಯಿತು. ಅಮೆರಿಕದ ವಿಲಿಯಂ ರಾಡ್ಲರ್ ರೂಪಿಸಿದ, 2000ದಲ್ಲಿ ಮಾರುಕಟ್ಟೆಗೆ ಬಂದ ‘ನಾಕ್ ಔಟ್’ ತಳಿಯು ಇದಕ್ಕೆ ಪ್ರಸಿದ್ಧ ಉದಾಹರಣೆ. ಭಾರತದಲ್ಲಿ ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಅವರು ಉಷ್ಣ ಪ್ರದೇಶಗಳಿಗೆ ಹೊಂದುವ ಗುಲಾಬಿಗಳಿಗಾಗಿ ರೋಸಾ ಕ್ಲೈನೋಫಿಲ್ಲಾ ಮತ್ತು ರೋಸಾ ಜೈಗಾಂಟಿಯಾ ಎಂಬ ಕಾಡುಗುಲಾಬಿಗಳನ್ನು ಬಳಸಿ ತಳಿ ಅಭಿವೃದ್ಧಿ ನಡೆಸಿದ್ದಾರೆ. ಇವುಗಳಲ್ಲಿ ಮೊದಲನೆಯದು ಸೆಖೆ ಮತ್ತು ಜೌಗು ನೆಲ ಎರಡನ್ನೂ ಸಹಿಸಬಲ್ಲದು.

ಕರಾವಳಿಯ ಪರಿಸರ

ಈ ಮೂರು ತಾಲ್ಲೂಕುಗಳಲ್ಲಿ ವಾರ್ಷಿಕ ಸರಾಸರಿ ಮಳೆ 3,000 ಮಿ.ಮೀ.ಗಿಂತ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಈ ಅವಧಿಯಲ್ಲಿ ಎಲೆಗಳು ದಿನಗಟ್ಟಲೆ ಒದ್ದೆಯಾಗಿರುತ್ತವೆ, ಬಿಸಿಲು ಕಡಿಮೆ, ಬುಡದಲ್ಲಿ ನೀರು ನಿಲ್ಲುವ ಸಂಭವ ಹೆಚ್ಚು. ಮಣ್ಣು ಜಂಬಿಟ್ಟಿಗೆಯಿಂದ ರೂಪುಗೊಂಡದ್ದಾದರೆ ಹುಳಿಯಾಗಿಯೂ, ಸಮುದ್ರದಂಚಿನಲ್ಲಿ ಮರಳಾಗಿಯೂ ಇರುತ್ತದೆ. ಗುಲಾಬಿಗೆ ಅಲ್ಪ ಹುಳಿ ಮಣ್ಣು, ಅಂದರೆ 6ರಿಂದ 6.5ರ ರಸಸಾರ, ಸೂಕ್ತ. ಶರಾವತಿ ಮತ್ತು ಅಘನಾಶಿನಿ ನದಿಗಳ ಅಳಿವೆಯ ಸಮೀಪದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾದರೆ ಅದನ್ನು ಗುಲಾಬಿಗೆ ಬಳಸಬಾರದು. ಉಪ್ಪಿನಂಶಕ್ಕೆ ಎಲೆಯ ಅಂಚು ಸುಡುತ್ತದೆ.

ತಳಿಗಳ ಆಯ್ಕೆ

ಚೀನಾ ಗುಲಾಬಿಗಳ ಗುಂಪಿನ ‘ಓಲ್ಡ್ ಬ್ಲಶ್’, ಬೂರ್ಬಾನ್ ಗುಂಪಿನ ‘ಎಡ್ವರ್ಡ್’ ಮತ್ತು ಬಟನ್ ಗುಲಾಬಿ ಎಂದು ಕರೆಯಲಾಗುವ ಸಣ್ಣ ಹೂವಿನ ಗೊಂಚಲು ತಳಿಗಳು ಬಿಸಿ ಪ್ರದೇಶದ ಕೈತೋಟಗಳಿಗೆ ಹೊಂದುತ್ತವೆ. ‘ಎಡ್ವರ್ಡ್’ ತಳಿಯು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸ್ವಾಭಾವಿಕ ಮಿಶ್ರಣದಿಂದ ಹುಟ್ಟಿದ್ದು, ಭಾರತದಲ್ಲಿ ಸುಗಂಧಕ್ಕಾಗಿಯೂ ಕಸಿಯ ಬೇರುಗಿಡವಾಗಿಯೂ ಬಳಕೆಯಲ್ಲಿದೆ. ಸಮುದ್ರದ ಗಾಳಿಯನ್ನು ತಾಳುತ್ತದೆಂದು ಹೆಸರಾದ ರೋಸಾ ರುಗೋಸಾ ಮಾತ್ರ ಈ ಕರಾವಳಿಗೆ ಒಗ್ಗುವುದಿಲ್ಲ, ಏಕೆಂದರೆ ಅದು ಶೀತವಲಯದ ಸಸ್ಯ.

ನೆಡುವ ಕ್ರಮ

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗ ಅಗತ್ಯ. ತೆಂಗು, ಅಡಿಕೆ ಮರಗಳ ನೆರಳಿನಲ್ಲಿ ಗಿಡ ಸೊರಗುತ್ತದೆ. ಪೂರ್ವ ದಿಕ್ಕಿನ ಅಂಗಳವಾದರೆ ಬೆಳಗಿನ ಬಿಸಿಲಿಗೆ ಎಲೆಗಳ ಮೇಲಿನ ತೇವ ಬೇಗ ಆರುತ್ತದೆ. ಮಳೆ ಹಿಂದೆ ಸರಿದ ಬಳಿಕ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೆಡುವುದು ಉತ್ತಮ. ಹೀಗೆ ನೆಟ್ಟ ಗಿಡಕ್ಕೆ ಮುಂದಿನ ಜೂನ್‌ನೊಳಗೆ ಬೇರುಗಳು ಗಟ್ಟಿಯಾಗಲು ಸಮಯ ಸಿಗುತ್ತದೆ. ಸುಮಾರು 45 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿಗೆ ಮೇಲ್ಮಣ್ಣು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಲಾಗುತ್ತದೆ. ನೆಲಮಟ್ಟಕ್ಕಿಂತ ಒಂದು ಗೇಣಿನಷ್ಟು ಎತ್ತರಿಸಿದ ದಿಬ್ಬದ ಮೇಲೆ ನೆಟ್ಟರೆ ಮಳೆನೀರು ಬುಡದಲ್ಲಿ ನಿಲ್ಲದು. ಕಸಿ ಮಾಡಿದ ಗಂಟು ಮಣ್ಣಿಗಿಂತ ಮೇಲಿರಬೇಕು. ಗಿಡಗಳ ನಡುವೆ ಸುಮಾರು 1 ಮೀಟರ್ ಅಂತರವಿದ್ದರೆ ಗಾಳಿಯಾಡುತ್ತದೆ.

ಆರೈಕೆ

ಬೇಸಿಗೆಯಲ್ಲಿ ಬುಡಕ್ಕೆ ದರಕು ಅಥವಾ ತೆಂಗಿನ ಸಿಪ್ಪೆ ಹೊದಿಸಿದರೆ ತೇವ ಉಳಿಯುತ್ತದೆ. ಮಳೆ ಆರಂಭವಾಗುವ ಮುನ್ನ ಈ ಹೊದಿಕೆಯನ್ನು ಕಾಂಡದಿಂದ ದೂರ ಸರಿಸಬೇಕು. ನೀರನ್ನು ಬೆಳಿಗ್ಗೆ, ಎಲೆಗೆ ತಾಗದಂತೆ ಬುಡಕ್ಕೆ ಹಾಕುವುದು ಸರಿಯಾದ ಕ್ರಮ. ಗೊಬ್ಬರವನ್ನು ಸವರಿದ ನಂತರ ಮತ್ತು ಹೂವಿನ ಸುತ್ತು ಮುಗಿದಾಗ ಕೊಡಲಾಗುತ್ತದೆ. ಭಾರಿ ಮಳೆಯ ತಿಂಗಳುಗಳಲ್ಲಿ ಹಾಕಿದ ಗೊಬ್ಬರ ಕೊಚ್ಚಿಹೋಗುತ್ತದೆ.

ಮುಖ್ಯ ಸವರುವಿಕೆಯನ್ನು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಸುಮಾರಿಗೆ ಮಾಡಲಾಗುತ್ತದೆ. ಪೊದೆ ಗುಲಾಬಿಗೆ ಹೈಬ್ರಿಡ್ ಟೀ ಗಿಡಗಳಂತೆ ಆಳವಾದ ಕತ್ತರಿಕೆ ಬೇಡ. ಒಣಗಿದ, ರೋಗಪೀಡಿತ ಹಾಗೂ ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದು, ಉಳಿದವನ್ನು ಮೂರನೇ ಒಂದು ಭಾಗದಷ್ಟು ಮೊಟಕುಗೊಳಿಸಿದರೆ ಸಾಕು. ಸುಮಾರು 6ರಿಂದ 7 ವಾರಗಳಲ್ಲಿ ಹೊಸ ಹೂ ಬರುತ್ತದೆ. ಕಸಿ ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಬುಡಸಹಿತ ಕೀಳದಿದ್ದರೆ ಬೇರುಗಿಡವೇ ಬೆಳೆದು ಮೂಲ ತಳಿ ಸಾಯುತ್ತದೆ.

ರೋಗ ಮತ್ತು ಕೀಟಗಳು

ಮಳೆಗಾಲದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಡಿಪ್ಲೋಕಾರ್ಪನ್ ರೋಸೇ ಎಂಬ ಶಿಲೀಂಧ್ರದಿಂದ ಬರುವ ಕಪ್ಪುಚುಕ್ಕೆ ರೋಗ. ಎಲೆ ಸುಮಾರು 7 ಗಂಟೆ ಸತತವಾಗಿ ಒದ್ದೆಯಾಗಿದ್ದರೆ ಸೋಂಕು ತಗಲುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ ಮತ್ತು ಪದೇ ಪದೇ ಎಲೆ ಕಳೆದುಕೊಂಡ ಗಿಡ ನಿತ್ರಾಣಗೊಳ್ಳುತ್ತದೆ. ಉದುರಿದ ಎಲೆಗಳನ್ನು ಆಯ್ದು ಸುಡುವುದು ಮೊದಲ ಪರಿಹಾರ. ಸವರಿದ ತುದಿಯಿಂದ ಕೆಳಮುಖವಾಗಿ ಕಾಂಡ ಕಪ್ಪಾಗಿ ಒಣಗುವ ತುದಿಒಣಗು ರೋಗಕ್ಕೆ, ಗಾಯದ ಮೇಲೆ ಬೋರ್ಡೋ ಮುಲಾಮು ಹಚ್ಚಲಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಂತೆ ಇದನ್ನೂ ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುತ್ತಾರೆ. ಒಣಹವೆಯಲ್ಲಿ ಥ್ರಿಪ್ಸ್ ಮತ್ತು ಕೆಂಪು ನುಸಿ, ವರ್ಷವಿಡೀ ಗೆದ್ದಲು ಹಾಗೂ ಶಲ್ಕ ಕೀಟಗಳು ಕಾಣಿಸಿಕೊಳ್ಳುತ್ತವೆ. ಪೂಜೆಗೂ ಮುಡಿಯಲೂ ಗುಲ್ಕಂದಿಗೂ ಬಳಸುವ ಹೂವಿನ ಮೇಲೆ ರಾಸಾಯನಿಕ ಕೀಟನಾಶಕ ಸಿಂಪಡಿಸುವುದು ಸೂಕ್ತವಲ್ಲ.

ಸಸ್ಯಾಭಿವೃದ್ಧಿ

ಪೆನ್ಸಿಲ್ ದಪ್ಪದ, ಹೂಬಿಟ್ಟು ಬಲಿತ ಕಾಂಡದ 15ರಿಂದ 20 ಸೆಂ.ಮೀ. ತುಂಡುಗಳಿಂದ ಹಲವು ಪೊದೆ ಗುಲಾಬಿಗಳನ್ನು ಸ್ವಂತ ಬೇರಿನ ಮೇಲೆ ಬೆಳೆಸಬಹುದು. ಹೀಗೆ ಬೆಳೆದ ಗಿಡಗಳಲ್ಲಿ ಬೇರುಗಿಡದ ಚಿಗುರಿನ ತೊಂದರೆ ಇರುವುದಿಲ್ಲ. ಮಳೆಗಾಲದಲ್ಲಿ ಮೇಲ್ಭಾಗ ಸತ್ತರೂ ಬುಡದಿಂದ ಅದೇ ತಳಿ ಮತ್ತೆ ಚಿಗುರುವುದರಿಂದ, ಹೆಚ್ಚು ಮಳೆ ಬೀಳುವ ಕರಾವಳಿಯ ಕೈತೋಟಗಳಿಗೆ ಕಸಿ ಗಿಡಕ್ಕಿಂತ ಇಂಥ ಗಿಡಗಳು ಹೆಚ್ಚು ಅನುಕೂಲಕರ.